ಗಾಳಿಬಾಯಿಯಲ್ಲಿ ಸಿಕ್ಕಿದ ಬೈರಾಸ್

ಅಬುಧಾಬಿಯಲ್ಲಿ ಇಪ್ಪತ್ತಾರು ವರ್ಷ ಹೀಟರ್ ರಿಪೇರಿ ಮಾಡಿದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಎಸಿ ರಿಪೇರಿ ಎಂದರೆ ತಲೆಯಾಡಿಸುತ್ತಾರೆ. ಹೀಟರ್ ಎಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಒಮ್ಮೆ ರಜೆಯಲ್ಲಿ ಹೋಗಿದ್ದಾಗ ಹೆಂಡತಿಯ ತಮ್ಮ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು, ದನಿ ತಗ್ಗಿಸಿ, "ಭಾವ, ನಮ್ಮೊಳಗೆ ಇರ್ಲಿ, ಅಲ್ಲಿ ನಿಜವಾಗಿ ಎಂತ ಕೆಲಸ ನಿಮ್ಮದು?" ಎಂದು ಕೇಳಿದ್ದ. ನನಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಕೇಳುತ್ತಿದ್ದೆ.

ವಿಷಯ ಇಷ್ಟೇ. ನವೆಂಬರ್ ಬಂತೆಂದರೆ ಇಲ್ಲಿನ ಅರಬರು ಕಾರವಾನನ್ನು ದೊಡ್ಡ ಗಾಡಿಯ ಹಿಂದೆ ಕಟ್ಟಿಕೊಂಡು ಮರಳಿಗೆ ಹೋಗುತ್ತಾರೆ. ಕಾರವಾನ್ ಎಂದರೆ ಚಕ್ರದ ಮೇಲಿನ ಪುಟ್ಟ ಮನೆ. ಮಂಚ, ಅಡುಗೆಕಟ್ಟೆ, ಕಕ್ಕಸು ಎಲ್ಲ ಅದರೊಳಗೇ. ಕೆಲವರು ಮಾರ್ಚ್‌ವರೆಗೂ ಅಲ್ಲೇ ಇರುತ್ತಾರೆ. ಮದೀನತ್ ಜಾಯೆದ್ ದಾಟಿ ಒಳಗೆ ಹೋದರೆ ಜನವರಿಯಲ್ಲಿ ಬೆಳಗಿನ ಜಾವ ಕೈ ಮರಗಟ್ಟುತ್ತದೆ. ಆಗ ಬೇಕು ಹೀಟರ್. ಅದು ಪ್ರೊಪೇನ್ ಗ್ಯಾಸಿನಲ್ಲಿ ಉರಿಯುವ ಒಂದು ತಗಡಿನ ಪೆಟ್ಟಿಗೆ. ಮಂಚದ ಕೆಳಗೋ ಬೀರುವಿನ ಕೆಳಗೋ ಅಡಗಿರುತ್ತದೆ.

ಈಗ ನಾನು ನಿವೃತ್ತ. ಅಲ್ ಬರ್ಷಾದಲ್ಲಿ ಮಗಳ ಮನೆಯ ಬಾಲ್ಕನಿಯಲ್ಲಿ ಕೂತು ಮೆಟ್ರೋ ಹೋಗುವುದನ್ನು ನೋಡುವುದು ನನ್ನ ಕೆಲಸ. ಈ ಕಸುಬಿಗೆ ಹೊಸದಾಗಿ ಬಂದವರು ಫೋನ್ ಮಾಡಿ ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯುವುದಕ್ಕಿಂತ ಬರೆದಿಡುವುದು ಒಳ್ಳೆಯದು ಅನಿಸಿತು. ಯಾವಾಗ ಸಂಬಳ ಏರಿತು, ಯಾವಾಗ ಸೀನಿಯರ್ ಟೆಕ್ನಿಶಿಯನ್ ಆದೆ ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ನಿಮಗೆ ಒಂದು ಸ್ಕ್ರೂ ಕೂಡ ಬಿಚ್ಚಲಾಗದು.

ನನ್ನ ಹೆಸರು ಸಂಜೀವ. ಬನಿಯಾಸ್ ಕಡೆಯ ನಮ್ಮ ವರ್ಕ್‌ಶಾಪಿನಲ್ಲಿ ಆ ಹೆಸರನ್ನು ಕರೆದವರು ಕಡಿಮೆ. ಎಲ್ಲರಿಗೂ ನಾನು ಡೌಟಣ್ಣ. ಹೋಟೆಲಿನಲ್ಲಿ ಟೀ ಕುಡಿಯುವ ಮೊದಲು ಲೋಟ ಮೂಸಿ ನೋಡುವವನು. ಮನೆಗೆ ಬೀಗ ಹಾಕಿ ಲಿಫ್ಟಿನವರೆಗೆ ಹೋಗಿ, ವಾಪಸ್ ಬಂದು ಬೀಗ ಜಗ್ಗುವವನು. ಹೆಂಡತಿ ಊರಿನಿಂದ ಫೋನ್ ಮಾಡಿ, "ಊಟ ಆಯ್ತಾ?" ಎಂದರೆ, ಇವತ್ತು ಯಾಕೆ ಇಷ್ಟು ಪ್ರೀತಿಯಲ್ಲಿ ಕೇಳುತ್ತಾಳೆ, ಏನು ಖರ್ಚು ಬಂದಿದೆ ಎಂದು ಯೋಚಿಸುವವನು. ಈ ಗುಣ ಸಂಸಾರಕ್ಕೆ ಒಳ್ಳೆಯದಲ್ಲ. ಆದರೆ ಗ್ಯಾಸಿನ ಕೆಲಸಕ್ಕೆ ಬಹಳ ಒಳ್ಳೆಯದು ಎಂದು ಆಗ ನಂಬಿದ್ದೆ.

ಯಾಕೆಂದರೆ ಆ ಹೀಟರ್ ಕೂಡ ನನ್ನ ಜಾತಿಯದೇ. ಅದು ಯಾರನ್ನೂ ನಂಬುವುದಿಲ್ಲ. ಗೋಡೆಯ ಮೇಲಿನ ಥರ್ಮೋಸ್ಟಾಟ್ ಚಳಿಯಾಗುತ್ತಿದೆ ಎಂದು ಹೇಳಿದ ಮಾತ್ರಕ್ಕೆ ಗ್ಯಾಸ್ ಬಿಡುವುದಿಲ್ಲ. ಮೊದಲು ಫ್ಯಾನ್ ತಿರುಗಬೇಕು. ಫ್ಯಾನ್ ತಿರುಗಿದರೂ ಸಾಲದು, ನಿಜವಾಗಿ ಗಾಳಿ ಬೀಸುತ್ತಿದೆಯೇ ಎಂದು ಒಂದು ಪುಟ್ಟ ತಗಡಿನ ರೆಕ್ಕೆ ಎದ್ದು ಸಾಕ್ಷಿ ಹೇಳಬೇಕು. ಅದಕ್ಕೆ ಸೈಲ್ ಸ್ವಿಚ್ ಎನ್ನುತ್ತಾರೆ. ಆಮೇಲೆ ಗ್ಯಾಸ್, ಆಮೇಲೆ ಕಿಡಿ. ಕಿಡಿ ಹಾರಿ ಉರಿ ಹತ್ತಿತು ಎಂದು ಇನ್ನೊಂದು ಕಡ್ಡಿ ಸಾಕ್ಷಿ ಹೇಳಬೇಕು. ಅದು ಹೇಳದಿದ್ದರೆ ಮೂರು ಸಲ ಪ್ರಯತ್ನಿಸಿ ಬಾಗಿಲು ಮುಚ್ಚಿಕೊಂಡುಬಿಡುತ್ತದೆ. ಹೀಗೆ ಒಂದರ ಮೇಲೆ ಒಂದು ಸಂಶಯ ಪಟ್ಟೇ ಅದು ಮನೆ ಬೆಚ್ಚಗಿಡುವುದು.

ಇದನ್ನು ನನಗೆ ಕಲಿಸಿದವರು ಪೇಶಾವರ ಕಡೆಯ ಒಬ್ಬ ಹಳೆಯ ಫೋರ್‌ಮನ್. ಎಲ್ಲರೂ ಲಾಲಾ ಎನ್ನುತ್ತಿದ್ದರು. ಮೊದಲ ವರ್ಷ ಒಂದು ಕಾರವಾನಿನಲ್ಲಿ ಫ್ಯಾನ್ ತಿರುಗುತ್ತಿತ್ತು, ಉರಿ ಬರುತ್ತಿರಲಿಲ್ಲ. ನಾನು ಕಂಟ್ರೋಲ್ ಬೋರ್ಡ್ ಬದಲಾಯಿಸಿದೆ. ಆಗಲಿಲ್ಲ. ಆ ಹೊಸ ಬೋರ್ಡೂ ಹಾಳೇ ಇರಬೇಕು, ಅಂಗಡಿಯವನು ಮೋಸ ಮಾಡಿದ್ದಾನೆ ಎಂದುಕೊಂಡು ಇನ್ನೊಂದು ಹಾಕಿದೆ. ಅದೂ ಆಗಲಿಲ್ಲ. ಮೂರನೆಯದನ್ನು ಡಬ್ಬಿಯಿಂದ ತೆಗೆಯುವಾಗ ಲಾಲಾ ಬಂದು ಬ್ಯಾಟರಿಗೆ ಮೀಟರ್ ಹಿಡಿದರು. ಬ್ಯಾಟರಿ ಸೋತಿತ್ತು. ಫ್ಯಾನ್ ತಿರುಗುತ್ತಿತ್ತು ನಿಜ, ಆದರೆ ಆ ರೆಕ್ಕೆಯನ್ನು ಎತ್ತುವಷ್ಟು ಜೋರಾಗಿ ಅಲ್ಲ.

"ನೀನು ಅಂಗಡಿಯವನ ಮೇಲೆ ಸಂಶಯ ಪಟ್ಟೆ," ಎಂದರು ಲಾಲಾ ಹಿಂದಿಯಲ್ಲಿ. "ಅವನು ದೂರದಲ್ಲಿದ್ದಾನೆ. ಹತ್ತಿರ ಇರುವುದರಿಂದ ಶುರು ಮಾಡು."

ಆ ಮಾತನ್ನು ಬ್ಯಾಟರಿಯ ಮಟ್ಟಿಗೆ ಚೆನ್ನಾಗಿ ಕಲಿತೆ. ಅದರ ಉಳಿದ ಅರ್ಥ ತಲೆಗೆ ಇಳಿಯಲು ಬಹಳ ವರ್ಷ ಹಿಡಿಯಿತು.

ಗಿರಾಕಿಗಳ ಮಾತನ್ನಂತೂ ನಂಬಲೇಬೇಡಿ. ಸಿಲಿಂಡರ್ ತುಂಬಿದೆ ಎನ್ನುತ್ತಾರೆ, ಎತ್ತಿ ನೋಡಿದರೆ ಹಗುರ. ಯಾರೂ ಮುಟ್ಟಿಲ್ಲ ಎನ್ನುತ್ತಾರೆ, ಸ್ಕ್ರೂವಿನ ತಲೆ ಚಾಕುವಿನಲ್ಲಿ ಕೆರೆದು ಹೋಗಿರುತ್ತದೆ. ಒಬ್ಬರ ಕಾರವಾನಿನಲ್ಲಿ ಹೀಟರ್ ಹತ್ತು ನಿಮಿಷ ಉರಿದು ನಿಲ್ಲುತ್ತಿತ್ತು. ನಾಲ್ಕು ಸಲ ಹೋದೆ. ನಾನು ಹೋದಾಗಲೆಲ್ಲ ಸರಿಯಾಗಿ ಓಡುತ್ತಿತ್ತು. ಬೇಕೆಂದೇ ಆಟ ಆಡಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಐದನೆಯ ಸಲ ಹೇಳದೆ ಕೇಳದೆ ಹೋದೆ. ಒಳಗೆ ನೆಲದ ತುಂಬ ದಪ್ಪ ಜಮಖಾನೆ, ಗೋಡೆಗೆ ಒರಗು ದಿಂಬು. ಒಂದು ದಿಂಬು ಹೀಟರಿಗೆ ಗಾಳಿ ವಾಪಸ್ ಹೋಗುವ ಜಾಲರಿಯ ಮೇಲೇ ಕೂತಿತ್ತು. ಮೆಕ್ಯಾನಿಕ್ ಬರುತ್ತಾನೆ, ಬೂಟು ಹಾಕಿ ತುಳಿಯುತ್ತಾನೆ ಎಂದು ನಾನು ಬರುವ ಮೊದಲು ಎಲ್ಲವನ್ನೂ ಮಡಚಿಡುತ್ತಿದ್ದರು. ಅವರದ್ದು ಮರ್ಯಾದೆ, ನನ್ನದು ಸಂಶಯ. ಅವತ್ತು ಆ ಮನೆಯ ಅಜ್ಜಿ ಕೊಟ್ಟ ಖರ್ಜೂರ ತಿನ್ನುವಾಗ ಸ್ವಲ್ಪ ನಾಚಿಕೆಯಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯಬಹುದಿತ್ತು. ಬಿಟ್ಟರೆ ಓದುವವರಿಗೆ ಮೋಸ.

ನಮ್ಮ ವರ್ಕ್‌ಶಾಪಿನಲ್ಲಿ ಅಬ್ಬಾಸ್ ಎಂಬವನಿದ್ದ. ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಕಡಿಮೆ ಮಾತು, ಗಟ್ಟಿ ಕೆಲಸ. ಹೆಂಡತಿ ಮತ್ತು ಮಗಳು ಶಬಾನಾಳ ಜೊತೆ ಬನಿಯಾಸ್‌ನಲ್ಲೇ ಇದ್ದ. ನಾನು ಒಂಟಿ, ಆರು ಜನರ ಬ್ಯಾಚುಲರ್ ರೂಮಿನಲ್ಲಿ ಒಂದು ಮಂಚ. ವರ್ಕ್‌ಶಾಪಿನಲ್ಲಿ ನಮ್ಮ ಕರಾವಳಿಯವರು ನಾವಿಬ್ಬರೇ. ಭಟ್ಕಳದ ನವಾಯತ ಜಾಫರ್ ಸಾಹೇಬರನ್ನು ಲೆಕ್ಕಕ್ಕೆ ಹಿಡಿದರೆ ಮೂವರು. ಆದರೆ ಅವರು ಮ್ಯಾನೇಜರ್, ಗಾಜಿನ ಕೋಣೆಯವರು.

ರಂಜಾನ್ ತಿಂಗಳಲ್ಲಿ ನಮ್ಮೊಳಗೆ ಒಂದು ರೂಢಿ ಇತ್ತು. ಬೆಳಗ್ಗೆ ಆಫೀಸಿನಿಂದ ಜಾಬ್ ಕಾರ್ಡ್ ಬರುತ್ತದೆ, ಪ್ರತಿ ಕಾರ್ಡಿನಲ್ಲಿ ಒಬ್ಬನ ಹೆಸರು. ಉಪವಾಸ ಇದ್ದವರ ಹೆಸರಿನಲ್ಲಿ ಬಿಸಿಲಿನ ಕೆಲಸ ಬಂದರೆ ಉಪವಾಸ ಇಲ್ಲದವರು ಮಾಡುವುದು. ಕಾರ್ಡಿಗೆ ಸಹಿ ಮಾತ್ರ ಹೆಸರಿದ್ದವನೇ ಹಾಕುವುದು. ಆಫೀಸಿಗೆ ಇದು ಗೊತ್ತಿರಲಿಲ್ಲ. ನಾವೂ ಅದನ್ನು ಮಾತಾಡಿ ನಿಶ್ಚಯ ಮಾಡಿದ್ದಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ನನ್ನ ಮೊಣಕಾಲು ಹಿಡಿದ ದಿನ ಅಬ್ಬಾಸ್ ನನ್ನ ಬದಲಿಗೆ ಕಾರವಾನಿನ ಅಡಿಗೆ ನುಗ್ಗುತ್ತಿದ್ದ. ಅಲ್ಲಿಂದಲ್ಲಿಗೆ ಸರಿಯಾಗುತ್ತಿತ್ತು.

ಸೀಸನ್ ಮುಗಿದು ಕಾರವಾನುಗಳು ನಮ್ಮ ಅಂಗಳಕ್ಕೆ ಬರುತ್ತಿದ್ದುದು ಏಪ್ರಿಲ್ ಹೊತ್ತಿಗೆ. ಆ ವರ್ಷ ರಂಜಾನ್ ಕೂಡ ಆಗಲೇ ಬಂತು. ಬೇಸಿಗೆಗೆ ಮೊದಲು ಅವನ್ನು ಕಟ್ಟಿಡಬೇಕು. ಹೀಟರಿಗೆ ಹೊರಗೋಡೆಯಲ್ಲಿ ಎರಡು ಬಾಯಿ. ಒಂದರಿಂದ ಉರಿಗೆ ಬೇಕಾದ ಗಾಳಿ ಎಳೆಯುತ್ತದೆ, ಇನ್ನೊಂದರಿಂದ ಹೊಗೆ ಬಿಡುತ್ತದೆ. ಹೊಗೆಬಾಯಿಯೊಳಗೆ ಕಣಜಗಳು ಮಣ್ಣಿನ ಗೂಡು ಕಟ್ಟುತ್ತವೆ. ಅದಕ್ಕೆ ನಾನೇ ಒಂದು ಉಪಾಯ ಶುರು ಮಾಡಿದ್ದೆ: ಹೊಗೆಬಾಯಿಗೆ ಹಳೆ ಬಟ್ಟೆ ತುರುಕುವುದು, ಆ ಬಟ್ಟೆಗೆ ಕೆಂಪು ರಿಬ್ಬನ್ ಕಟ್ಟಿ ಹೊರಗೆ ಇಳಿಬಿಡುವುದು. ನವೆಂಬರಿನಲ್ಲಿ ರಿಬ್ಬನ್ ಕಂಡರೆ ಜಗ್ಗಿ ತೆಗೆ. ರಿಬ್ಬನ್ ಇಲ್ಲವೆಂದರೆ ಬಟ್ಟೆ ಇಲ್ಲ. ಎಲ್ಲರಿಗೂ ಇದನ್ನು ಹೇಳಿಕೊಟ್ಟವನು ನಾನು. ಜಾಫರ್ ಸಾಹೇಬರು ನಾಲ್ಕು ಜನರೆದುರು ಹೊಗಳಿದ್ದರು ಕೂಡ.

ಮುಂದಿನ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಸಾಹೇಬರು ನನ್ನನ್ನು ಗಾಜಿನ ಕೋಣೆಗೆ ಕರೆದರು. ಅವರ ಮುಖ ಬಿಳಿಚಿಕೊಂಡಿತ್ತು.

"ಸಂಜೀವ, ಅಬು ಖಾಲಿದ್ ಅವರ ಮೊಮ್ಮಗಳು ಆಸ್ಪತ್ರೆಯಲ್ಲಿ. ನಮ್ಮ ಹೀಟರ್ ಅಂತೆ. ನೀನು ಈಗಲೇ ಹೊರಡು. ಯಾರ ಹತ್ರಾನೂ ಮಾತಾಡ್ಬೇಡ."

ಅಬು ಖಾಲಿದ್ ನಮ್ಮ ಹಳೆಯ ಗಿರಾಕಿ, ನಿವೃತ್ತ ಸೈನಿಕ. ಮದೀನತ್ ಜಾಯೆದ್‌ನಿಂದ ಆಚೆ ಪ್ರತಿ ವರ್ಷ ಒಂದೇ ಜಾಗದಲ್ಲಿ ಬೀಡು ಬಿಡುತ್ತಿದ್ದರು. ಬೆಳಗಿನ ನಮಾಜಿಗೆ ಎದ್ದವರಿಗೆ ತಲೆ ಸಿಡಿಯುತ್ತಿತ್ತಂತೆ. ಏಳು ವರ್ಷದ ಮೊಮ್ಮಗಳನ್ನು ಕರೆದರೆ ಏಳಲಿಲ್ಲ. ಅವಳನ್ನು ಎತ್ತಿಕೊಂಡು ಎಲ್ಲರನ್ನೂ ಮರಳಿಗೆ ಎಳೆದು ಹಾಕಿದ್ದರು. ನಾನು ತಲುಪುವ ಹೊತ್ತಿಗೆ ಮಗು ಕಣ್ಣು ಬಿಟ್ಟಿದೆ ಎಂದು ಫೋನ್ ಬಂದಿತ್ತು. ಎರಡು ದಿನ ಬಿಟ್ಟು ಮನೆಗೂ ಬಂದಳು. ಆದರೆ ಅವತ್ತು ಅಬು ಖಾಲಿದ್ ನನ್ನ ಸಲಾಮಿಗೆ ಉತ್ತರ ಕೊಡಲಿಲ್ಲ.

ನಾನು ಸುತ್ತಲೂ ನೋಡಿದೆ. ಕಾರವಾನಿಗೆ ತಾಗಿಸಿ ಮಜ್ಲಿಸ್ ಡೇರೆ, ಎಂದರೆ ಬಂದವರು ಕೂರುವ ಡೇರೆ, ಹಾಕಿದ್ದರು. ಹೊಗೆಬಾಯಿ ಇದ್ದ ಗೋಡೆ ಆ ಡೇರೆಯ ಒಳಗೇ ಬಂದಿತ್ತು. ಡೇರೆಯಿಂದ ಕಾರವಾನಿನ ಬಾಗಿಲು ತೆರೆದೇ ಇತ್ತು. ವಿಷಗಾಳಿ ಹಿಡಿಯುವ ಅಲಾರ್ಮಿನಲ್ಲಿ ಬ್ಯಾಟರಿ ಇರಲಿಲ್ಲ. ಬುಖೂರ್ ಧೂಪಕ್ಕೆ ಕೆಂಡ ಇಟ್ಟಾಗಲೆಲ್ಲ ಕೂಗುತ್ತದೆ ಎಂದು ಅವರೇ ತೆಗೆದಿಟ್ಟಿದ್ದರು. ಇಷ್ಟರಲ್ಲಿ ಅರ್ಧ ತಪ್ಪು ಅವರದ್ದೇ ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಉಳಿದ ಅರ್ಧ ಹುಡುಕಬೇಕಿತ್ತು. ಹೊಗೆಬಾಯಿಯ ಅಂಚಿನಲ್ಲಿ ಕಪ್ಪು ಮಸಿ ಹಿಡಿದಿತ್ತು. ಸರಿಯಾಗಿ ಉರಿಯುವ ಹೀಟರ್ ಮಸಿ ಕಾರುವುದಿಲ್ಲ. ಉರಿಗೆ ಉಸಿರು ಸಾಲುತ್ತಿರಲಿಲ್ಲ. ಗಾಳಿ ಎಳೆಯುವ ಬಾಯಿಗೆ ಟಾರ್ಚ್ ಹಿಡಿದು, ಕೊಕ್ಕೆ ಹಾಕಿ ಎಳೆದೆ. ಬಟ್ಟೆ ಬಂತು.

ಬೈರಾಸ್. ನಮ್ಮ ಕಡೆಯ ತೆಳುವಾದ ಚೌಕುಳಿ ಟವೆಲು. ರಿಬ್ಬನ್ ಇರಲಿಲ್ಲ.

ಅದನ್ನು ಕಂಡ ಕೂಡಲೇ ನನ್ನ ತಲೆ ಓಡಿದ ರೀತಿಯನ್ನು ಹೇಳಿಬಿಡುತ್ತೇನೆ. ವರ್ಕ್‌ಶಾಪಿನಲ್ಲಿ ಬೈರಾಸ್ ಬಳಸುವವರು ಇಬ್ಬರು, ನಾನು ಮತ್ತು ಅಬ್ಬಾಸ್. ಬೇಸಿಗೆಗೆ ಕಟ್ಟಿಟ್ಟ ಕಾರ್ಡಿನಲ್ಲಿ ಅಬ್ಬಾಸನ ಹೆಸರು, ಸಹಿ. ನವೆಂಬರಿನಲ್ಲಿ ಬಿಚ್ಚಿ ಕೊಟ್ಟ ಕಾರ್ಡಿನಲ್ಲೂ ಅವನದೇ. ಅಲ್ಲಿಗೆ ವಿಚಾರಣೆ ಮುಗಿಯಿತು. ಎಲ್ಲದರ ಮೇಲೂ ಸಂಶಯ ಪಡುವ ನಾನು ಒಂದು ಕಾಗದವನ್ನು ಕಣ್ಣು ಮುಚ್ಚಿ ನಂಬಿದೆ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಂದು ನನ್ನ ಡ್ರಾಯರಿನಲ್ಲಿಟ್ಟೆ.

ಮರುದಿನ ಟೀ ಹೊತ್ತಿಗೆ ಅಬ್ಬಾಸನನ್ನು ಹಿಂದಿನ ಶೆಡ್ಡಿಗೆ ಕರೆದೆ.

"ಗಾಳಿಬಾಯಿಗೆ ಯಾಕೆ ಬಟ್ಟೆ ತುರುಕಿದ್ದು ನೀನು? ಹೊಗೆಬಾಯಿಗೆ ಮಾತ್ರ ಅಂತ ಹೇಳಿದ್ದೆ ಅಲ್ವಾ?"

ಅವನು ನನ್ನನ್ನೇ ನೋಡಿದ. "ಗಾಳಿಬಾಯಿಯಲ್ಲಿ ಬಟ್ಟೆ ಇತ್ತಾ?"

"ತುರುಕಿದವ ನೀನು. ನನ್ನ ಹತ್ರ ಕೇಳ್ತೀಯಾ?"

"ನಾನು ರಿಬ್ಬನ್ ನೋಡಿ ಒಂದು ಬಟ್ಟೆ ತೆಗ್ದೆ, ಸಂಜೀವಣ್ಣ. ಇನ್ನೊಂದು ಉಂಟು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ಕಾರ್ಡಲ್ಲಿ ನಿನ್ನ ಹೆಸರು ಉಂಟು."

"ಹೌದು. ಹೆಸರು ನನ್ನದೇ ಉಂಟು." ಇಷ್ಟು ಹೇಳಿ ಅವನು ಲೋಟ ಕೆಳಗಿಟ್ಟ. ಆಮೇಲೆ ಹೊರಟು ಹೋದ.

ತಪ್ಪು ಮಾಡದವನು ಸುಮ್ಮನಿರುತ್ತಾನೆಯೇ ಎಂದು ನಾನು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ರಿಪೋರ್ಟಿನಲ್ಲಿ ಬರೆದೆ. ಎರಡು ಪುಟ, ಫೋಟೋ ಸಮೇತ. ಜಾಫರ್ ಸಾಹೇಬರು ಓದಿ ಕನ್ನಡಕ ತೆಗೆದರು. "ಅಬು ಖಾಲಿದ್ ಒಂದೇ ಮಾತು ಹೇಳಿದ್ದಾರೆ. ಬಟ್ಟೆ ಇಟ್ಟವನು ಯಾರು, ಅವನು ಇಲ್ಲಿ ಇರಬಾರದು. ಅಬ್ಬಾಸ್‌ನ ವೀಸಾ ಕ್ಯಾನ್ಸಲ್ ಮಾಡದೆ ನಂಗೆ ಬೇರೆ ದಾರಿ ಇಲ್ಲ," ಎಂದರು.

ವೀಸಾ ರದ್ದಾದರೆ ಅಬ್ಬಾಸ್ ಒಬ್ಬನೇ ಹೋಗುವುದಲ್ಲ. ಹೆಂಡತಿ, ಮಗಳು ಅವನ ವೀಸಾದ ಮೇಲೇ ಇದ್ದವರು. ಶಬಾನಾ ಹತ್ತನೆಯ ಕ್ಲಾಸು. ಪರೀಕ್ಷೆಗೆ ಎರಡೂವರೆ ತಿಂಗಳು ಇತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಮಗು ಸಾಯುವುದರಲ್ಲಿತ್ತು ಎಂಬುದೇ ನನ್ನ ಸಮಾಧಾನ.

ಶೆಡ್ಡಿನಲ್ಲಿ ಮಾತಾದ ಒಂಬತ್ತನೆಯ ದಿನ ಸಾಹೇಬರು ನನ್ನನ್ನೇ ಅಬ್ಬಾಸನ ಮನೆಗೆ ಕಳಿಸಿದರು. ಅವನ ಹತ್ತಿರ ಇದ್ದ ವರ್ಕ್‌ಶಾಪಿನ ಮೀಟರು, ಕೀಲಿಕೈ ತರಬೇಕಿತ್ತು. ಸಂಜೆ ನಾಲ್ಕು ಗಂಟೆ. ಬಾಗಿಲು ತೆರೆದವಳು ಶಬಾನಾ. ಇವಳು ಸಣ್ಣವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಕಾರ್ನಿಶ್ ಕಡಲದಂಡೆ ಸುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಬಾಬಾ ಮಸೀದಿಗೆ ಹೋಗಿದ್ದಾರೆ," ಎಂದು ಕನ್ನಡದಲ್ಲಿ ಹೇಳಿ, ಮುಂದಿನದನ್ನು ಇಂಗ್ಲಿಷಿನಲ್ಲಿ ಹೇಳಿದಳು. "ಅಂಕಲ್, ಬಾಬಾ ನೆವರ್ ಲೀವ್ಸ್ ಎನಿಥಿಂಗ್ ಹಾಫ್ ಡನ್. ಯು ನೋ ದಟ್."

ಅವಳು ಮೀಟರ್ ತರಲು ಒಳಗೆ ಹೋದಳು. ಬಾಲ್ಕನಿಯಲ್ಲಿ ಬಟ್ಟೆ ಒಣಗಿತ್ತು. ಎರಡು ಬೈರಾಸ್ ಕೂಡ ಇದ್ದವು. ನನ್ನ ಗುಣ ಸುಮ್ಮನಿರಬೇಕಲ್ಲ. ಚೌಕುಳಿ ಅದೇ ಅಳತೆಯದ್ದೇ, ಬಣ್ಣ ಅದೇ ಹೌದೇ ಎಂದು ನೋಡಲು ಹೋದೆ. ಅಬ್ಬಾಸನ ಮೇಲೆ ಇನ್ನೊಂದು ಸಾಕ್ಷಿ ಸಿಗಲಿ ಎಂದೇ ಹೋದೆ. ಮೂಲೆ ಮೂಲೆ ತಿರುಗಿಸಿದೆ. ಅಚ್ಚುಕಟ್ಟಾಗಿ ಮನೆಯಲ್ಲಿ ತೊಳೆದ ಬಟ್ಟೆ. ಒಂದು ಕಲೆಯಿಲ್ಲ, ಒಂದು ಗುರುತಿಲ್ಲ.

ಗುರುತಿಲ್ಲ ಎಂಬುದು ಮೆಟ್ಟಿಲಿಳಿಯುವಾಗ ತಲೆಯಲ್ಲಿ ಕುಟುಕತೊಡಗಿತು. ಕೊಕ್ಕೆಯಲ್ಲಿ ಎಳೆದ ಬೈರಾಸಿನ ಮೂಲೆಯಲ್ಲಿ ಏನೋ ಶಾಯಿ ಇದ್ದ ನೆನಪು. ಆಗ ಅದನ್ನು ಮಸಿ ಎಂದುಕೊಂಡಿದ್ದೆ.

ಬ್ಯಾಚುಲರ್ ರೂಮಿನಲ್ಲಿ ಇದ್ದವರಿಗೆ ಇದು ಗೊತ್ತು. ನಾವು ಬಟ್ಟೆಯನ್ನು ಲಾಂಡ್ರಿಗೆ ಕೊಡುತ್ತೇವೆ. ಬೇರೆಯವರ ಬಟ್ಟೆ ಜೊತೆ ಬೆರೆಯದಿರಲಿ ಎಂದು ಲಾಂಡ್ರಿಯವನು ಪ್ರತಿಯೊಂದರ ಮೂಲೆಯಲ್ಲೂ ಅಳಿಸಲಾಗದ ಶಾಯಿಯಲ್ಲಿ ರೂಮ್ ನಂಬರ್ ಬರೆಯುತ್ತಾನೆ. ಬನಿಯನ್ನು, ಪ್ಯಾಂಟು, ಬೈರಾಸು ಯಾವುದನ್ನೂ ಬಿಡುವುದಿಲ್ಲ. ಸಂಸಾರ ಇರುವವರ ಬಟ್ಟೆಗೆ ಆ ಗುರುತು ಬೀಳುವುದಿಲ್ಲ. ವರ್ಕ್‌ಶಾಪಿಗೆ ವಾಪಸ್ ಬಂದು ಡ್ರಾಯರ್ ತೆಗೆದು ಚೀಲ ಬಿಚ್ಚಿದೆ. ಬೈರಾಸಿನ ಮೂಲೆಯಲ್ಲಿ ನಾನೂರ ಹನ್ನೆರಡು ಎಂದಿತ್ತು. ಅದು ನನ್ನ ರೂಮು. ಆ ರೂಮಿನ ಉಳಿದ ಐವರಲ್ಲಿ ಯಾರೂ ಕಾರವಾನಿನ ಹತ್ತಿರ ಸುಳಿದವರಲ್ಲ.

ಕುರ್ಚಿಯಲ್ಲಿ ಕೂತುಬಿಟ್ಟೆ. ಏಪ್ರಿಲಿನ ಆ ದಿನ ಒಂದೊಂದಾಗಿ ನೆನಪಿಗೆ ಬಂತು. ಅಬ್ಬಾಸನ ತುಟಿ ಒಣಗಿ ಬಿರಿದಿತ್ತು. "ನೀನು ಶೆಡ್ಡಲ್ಲಿ ಕೂತ್ಕೊ, ಅಂಗಳದ್ದು ನಾನು ಮಾಡ್ತೇನೆ," ಎಂದವನು ನಾನೇ. ನಾಲ್ಕು ಕಾರವಾನು. ಕೊನೆಯದು ಅಬು ಖಾಲಿದ್ ಅವರದ್ದು. ಹೊಗೆಬಾಯಿಗೆ ಬಟ್ಟೆ ತುರುಕಿ ರಿಬ್ಬನ್ ಕಟ್ಟಿ ಏಳುವಾಗ, ಒಂದು ಕಣಜ ಗಾಳಿಬಾಯಿಯ ಸುತ್ತ ಹಾರಾಡುತ್ತಿತ್ತು. ಅದು ಇಲ್ಲೂ ಗೂಡು ಕಟ್ಟಿದರೆ ಎಂದು ನನಗೆ ಡೌಟು ಬಂತು. ಹೆಗಲ ಮೇಲಿದ್ದ ಹರಕು ಬೈರಾಸನ್ನೇ ಅದಕ್ಕೂ ತುರುಕಿದೆ. ರಿಬ್ಬನ್ ಸುರುಳಿ ಮುಗಿದಿತ್ತು. ನಾಳೆ ಕಟ್ಟಿದರಾಯಿತು ಎಂದುಕೊಂಡೆ. ಸಂಜೆ ಅಬ್ಬಾಸ್ ಕಾರ್ಡಿಗೆ ಸಹಿ ಹಾಕಿದ. ನಾಳೆ ಬೇರೆ ಕೆಲಸ ಬಂತು.

ನಾನು ಆ ಕೂಡಲೇ ಎದ್ದು ಹೋಗಿ ಹೇಳಿದೆ ಎಂದು ಬರೆಯಲು ಆಸೆಯಾಗುತ್ತದೆ. ಹೇಳಲಿಲ್ಲ. ಎರಡು ದಿನ ಸುಮ್ಮನಿದ್ದೆ. ಆ ಬೈರಾಸನ್ನು ನಾನೇ ಯಾವಾಗಲೋ ಅಬ್ಬಾಸನಿಗೆ ಒರೆಸಲು ಕೊಟ್ಟಿರಬಹುದು ಎಂದು ಒಂದು ದಿನ ನನಗೆ ನಾನೇ ವಾದ ಮಾಡಿದೆ. ಚೀಲವನ್ನು ಕಸದ ಡಬ್ಬಿಯವರೆಗೆ ಕೊಂಡುಹೋಗಿ ವಾಪಸ್ ತಂದೆ. ಬೇರೆಯವರ ಮಾತಿನ ಎಳೆ ಎಳೆ ಬಿಡಿಸುತ್ತಿದ್ದವನು ನನ್ನ ಮಾತಿಗೆ ಮಾತ್ರ ರಿಯಾಯಿತಿ ಕೊಡುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಮೈ ಹಿಡಿಯಾಗುತ್ತದೆ.

ಹನ್ನೊಂದನೆಯ ದಿನ ಬೆಳಗ್ಗೆ ಕ್ಯಾನ್ಸಲೇಶನ್ ಕಾಗದ ಟೈಪಾಗಿ ಬಂತು. ಅಬ್ಬಾಸನನ್ನು ಸಹಿಗೆ ಕರೆಸಿದ್ದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವನು ಪೆನ್ನು ಕೈಗೆತ್ತಿಕೊಳ್ಳುವಾಗ ನಾನು ಗಾಜಿನ ಕೋಣೆಯೊಳಗೆ ಹೋಗಿ ಚೀಲವನ್ನು ಮೇಜಿನ ಮೇಲೆ ಇಟ್ಟೆ.

"ಸಾಹೇಬ್ರೆ, ಇದು ನನ್ನ ಬೈರಾಸ್. ತುರುಕಿದ್ದು ನಾನು. ರಂಜಾನಲ್ಲಿ ಅವನ ಕಾರ್ಡಿನ ಕೆಲಸ ನಾನು ಮಾಡಿದ್ದು."

ಜಾಫರ್ ಸಾಹೇಬರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಮೂಲೆಯ ನಂಬರ್ ತೋರಿಸಿದೆ. ಅವರು ನನ್ನ ರಿಪೋರ್ಟನ್ನು ಫೈಲಿನಿಂದ ಕಿತ್ತು ನನ್ನ ಕೈಗೆ ಕೊಟ್ಟರು. "ಇದರ ಮೇಲೆ ನಾನು ಸಹಿ ಹಾಕ್ದೆ. ನಿನ್ನ ಮೇಲೆ ನಂಬಿಕೆ ಇಟ್ಟು ಹಾಕ್ದೆ. ನಿಂಗೆ ಏನ್ ಹೇಳ್ಬೇಕು ನಾನು?" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಅಬ್ಬಾಸ್ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಹೊರಗೆ ಬಂದ ಮೇಲೆ ನಾನು ಕೇಳಿದೆ. "ನಿಂಗೆ ಮೊದಲೇ ಗೊತ್ತಿತ್ತಲ್ಲ ಮಾರಾಯ. ಅವತ್ತೇ ಯಾಕೆ ಹೇಳ್ಲಿಲ್ಲ?"

"ಎಂತ ಹೇಳುದು? ನನ್ನ ಉಪವಾಸ ಅಂತ ನೀವು ಬಿಸಿಲಲ್ಲಿ ನಿಂತದ್ದು. ಅದನ್ನೇ ಹಿಡ್ದು ನಿಮ್ಮ ಮೇಲೆ ಹಾಕ್ಲಿಕ್ಕೆ ನಾಲಗೆ ಬರ್ಲಿಲ್ಲ. ನೀವೇ ಹೇಳ್ತೀರಿ ಅಂತ ಕಾದೆ."

ನನಗೆ ಅಳು ಬಂತು. ಅಂಗಳದಲ್ಲಿ ನಿಂತು ಅತ್ತೆ. ಅಬ್ಬಾಸ್ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ನಿಂತಿದ್ದ.

ಅದೇ ಮಧ್ಯಾಹ್ನ ಸಾಹೇಬರು ನನ್ನನ್ನು ಅಬು ಖಾಲಿದ್ ಅವರ ಮನೆಗೆ ಕರೆದುಕೊಂಡು ಹೋದರು. ನಾನು ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಗೊತ್ತಿದ್ದ ಅಷ್ಟಿಷ್ಟು ಅರಬ್ಬಿ, ಹಿಂದಿ ಸೇರಿಸಿ ಎಲ್ಲ ಹೇಳಿದೆ. ಡೇರೆ, ಅಲಾರ್ಮಿನ ಬ್ಯಾಟರಿ ವಿಷಯ ಎತ್ತಲಿಲ್ಲ. ಅದನ್ನು ಅವರೇ ಎತ್ತಿದರು. ಬ್ಯಾಟರಿ ತೆಗೆದದ್ದು ತನ್ನ ಕೈ ಎಂದರು. ಬಹಳ ಹೊತ್ತು ಜಪಮಣಿ ತಿರುಗಿಸಿ ಕೊನೆಗೆ ತೀರ್ಪು ಕೊಟ್ಟರು. ಪ್ರತಿ ನವೆಂಬರಿನಲ್ಲಿ ಮಕ್ಕಳು ಕಾಲಿಡುವ ಮೊದಲು ನಾನು ಬರಬೇಕು. ಬಾಗಿಲು ಕಿಟಕಿ ಮುಚ್ಚಿ, ಹೀಟರ್ ಹಾಕಿ, ಒಂದು ಗಂಟೆ ನಾನು ಒಳಗೆ ಕೂರಬೇಕು.

"ಮೊದಲು ನೀನು, ಆಮೇಲೆ ನನ್ನ ಮೊಮ್ಮಗಳು. ಖಲಾಸ್," ಎಂದರು.

ಆ ಜನವರಿಯಲ್ಲೇ ಮೊದಲ ಸಲ ಕೂತೆ. ಅಬ್ಬಾಸ್ ಗಾಡಿ ಓಡಿಸಿಕೊಂಡು ಬಂದಿದ್ದ. ನೀನೂ ಒಳಗೆ ಬಾ ಎಂದು ನಾನು ಕರೆಯಲಿಲ್ಲ, ಕರೆಯುವ ಮುಖ ನನಗಿರಲಿಲ್ಲ. ಅವನು ತಾನಾಗಿಯೇ ಹೊರಗಿನ ಮೆಟ್ಟಿಲ ಮೇಲೆ ಕೂತ. "ಇಬ್ರೂ ಒಳಗೆ ಕೂತ್ರೆ ಬಾಗಿಲು ತೆಗೆಯುವವ ಯಾರು?" ಎಂದ. ಐದೈದು ನಿಮಿಷಕ್ಕೆ ಬಾಗಿಲಿಗೆ ಎರಡು ಸಲ ಬಡಿಯುತ್ತಿದ್ದ. ನಾನು ಒಳಗಿನಿಂದ ಎರಡು ಸಲ ಬಡಿಯಬೇಕು. ಆ ಗಂಟೆ ಮುಗಿಯುವಷ್ಟರಲ್ಲಿ ನನ್ನ ಅಂಗಿ ಬೆವರಿನಲ್ಲಿ ತೋಯ್ದಿತ್ತು.

ನಮ್ಮ ಕೆಲಸದ ರೀತಿ ಆಮೇಲೆ ಬದಲಾಯಿತು. ಈಗ ಬಟ್ಟೆ ಇಲ್ಲ, ಎರಡೂ ಬಾಯಿಗೆ ಒಂದೇ ತಗಡಿನ ಮುಚ್ಚಳ. ಅದರ ಸರಪಳಿಯ ಇನ್ನೊಂದು ತುದಿ ಹೀಟರಿನ ಸ್ವಿಚ್ಚಿಗೆ ಸಿಕ್ಕಿಸಿರುತ್ತದೆ. ಮುಚ್ಚಳ ತೆಗೆಯದೆ ಸ್ವಿಚ್ ಹಾಕಲಾಗುವುದಿಲ್ಲ. ಕಾರ್ಡಿನಲ್ಲಿ ಮಾಡಿದವನ ಹೆಸರು, ನೋಡಿದವನ ಹೆಸರು ಎರಡೂ ಬರೆಯಬೇಕು. ರಂಜಾನಿನಲ್ಲಿ ಬಿಸಿಲಿನ ಕೆಲಸ ಹಂಚುವುದನ್ನು ಸಾಹೇಬರೇ ಬಹಿರಂಗವಾಗಿ ಮಾಡಿದರು. ಶಬಾನಾ ಪರೀಕ್ಷೆ ಬರೆದಳು. ನನ್ನನ್ನು ಕಂಡರೆ ಮಾತಾಡಲು ಅವಳಿಗೆ ಒಂದು ವರ್ಷ ಬೇಕಾಯಿತು. ಅದರಲ್ಲಿ ತಪ್ಪೇನೂ ಇಲ್ಲ.

ಕೆಲಸ ಬಿಡುವವರೆಗೆ ಪ್ರತಿ ವರ್ಷ ಆ ಕಾರವಾನಿನಲ್ಲಿ ಒಂದು ಗಂಟೆ ಕೂತೆ. ಹೊರಗೆ ಬಡಿಯಲು ಪ್ರತಿ ವರ್ಷ ಅಬ್ಬಾಸನೇ ಬಂದ.

ಈ ವರ್ಷ ಒಳಗೆ ಕೂರುವ ಸರದಿ ಅಬ್ಬಾಸನದ್ದು. ನವೆಂಬರಿನ ಒಂದು ಮಧ್ಯಾಹ್ನ ಅವನು ನೇರ ಅಲ್ ಬರ್ಷಾಕ್ಕೆ ಗಾಡಿ ತಂದು ನಿಲ್ಲಿಸಿದ. "ಯಲ್ಲಾ, ಹತ್ತಿ," ಎಂದ.

"ವರ್ಕ್‌ಶಾಪಲ್ಲಿ ಅಷ್ಟು ಜನ ಇದ್ದಾರೆ. ರಿಟೈರ್ ಆದ ನನ್ನನ್ನು ಯಾಕೆ ಎಳೀತೀಯಾ?"

"ಹೊರಗೆ ಕೂರುವವನಿಗೆ ಡೌಟು ಇರ್ಬೇಕು. ನಿಮ್ಮಷ್ಟು ಡೌಟು ಅವರಿಗೆ ಯಾರಿಗೂ ಇಲ್ಲ."

ಮದೀನತ್ ಜಾಯೆದ್ ದಾಟಿ ಅದೇ ಜಾಗ. ಅಬು ಖಾಲಿದ್ ಈಗ ಕೋಲು ಹಿಡಿದು ನಡೆಯುತ್ತಾರೆ. ಮೊಮ್ಮಗಳು ಉದ್ದ ಬೆಳೆದಿದ್ದಾಳೆ. ಡೇರೆಯನ್ನು ಕಾರವಾನಿನಿಂದ ದೂರ ಹಾಕಿದ್ದರು. ಅಬ್ಬಾಸ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೀಟರಿನ ಫ್ಯಾನ್ ಸದ್ದು ಮಾಡಿತು, ಸ್ವಲ್ಪ ಹೊತ್ತಿಗೆ ಉರಿ ಹತ್ತಿದ ಸದ್ದೂ ಕೇಳಿತು. ನಾನು ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡಿದೆ.

ಐದು ನಿಮಿಷಕ್ಕೆ ಬಡಿದೆ. ಒಳಗಿನಿಂದ ಎರಡು ಬಡಿತ ಬಂತು. ಹತ್ತು ನಿಮಿಷಕ್ಕೂ ಬಂತು. ಹೀಗೇ ಅರ್ಧ ಗಂಟೆ ದಾಟಿತು. ಮೂವತ್ತೈದನೆಯ ನಿಮಿಷಕ್ಕೆ ಬಡಿದೆ. ಏನೂ ಕೇಳಲಿಲ್ಲ. ಎದ್ದು ನಿಂತೆ, ಚಿಲಕ ಹಿಡಿದು ಬಾಗಿಲನ್ನು ಪೂರ್ತಿ ಎಳೆದುಬಿಟ್ಟೆ.

ಅಬ್ಬಾಸ್ ಮಂಚದ ಅಂಚಿನಲ್ಲಿ ಕೂತಿದ್ದ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈ ಬಡಿಯಲು ಎತ್ತಿದ್ದು ಹಾಗೇ ಗಾಳಿಯಲ್ಲಿತ್ತು. ಬಾಯಲ್ಲಿದ್ದ ನೀರು ನುಂಗಿ ನನ್ನನ್ನು ನೋಡಿದ.

"ನಾಲ್ಕು ಸೆಕೆಂಡು ಕಾಯ್ಲಿಕ್ಕೆ ಆಗ್ಲಿಲ್ವಾ ಸಂಜೀವಣ್ಣ?" ಎಂದ. "ನಾನು ನಿಮಗೆ ಹನ್ನೊಂದು ದಿನ ಕಾದಿದ್ದೆ."

ಬಾಗಿಲು ತೆರೆದದ್ದರಿಂದ ಗಂಟೆಯನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ನಾನು ಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ಕೂತೆ.